ಸೇರುವುದು, ಸೇರಿಸುವುದು: ಮನೋವೈದ್ಯಕೀಯ ಒಪ್ಪಿಗೆ ಪತ್ರದ ಕೆಲವು ಪದಗಳು

ಪದಚರ್ಚೆಯ ಎಲ್ಲರಿಗೂ ನಮಸ್ಕಾರ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ರೋಗಿಗೆ ಇರುವ ಹಕ್ಕುಗಳನ್ನು ಹೇಳುವ ನಾಲ್ಕು ಪುಟದ ಕರಪತ್ರವೊಂದು ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಹಂಚಲಿಕ್ಕೆ ತಯಾರಾಗುತ್ತಿದೆ. ಓದುವವರು ರೋಗಿಗಳು ಮತ್ತು ಅವರ ಮನೆಯವರು. ಕರಾವಳಿಯಲ್ಲಿ ಬಹಳಷ್ಟು ಜನರ ಮನೆಮಾತು ಕೊಂಕಣಿ. ಕರಡಿನಲ್ಲಿ ಈಗ ಇನ್‌ಫಾರ್ಮ್ಡ್ ಕನ್ಸೆಂಟಿಗೆ ‘ತಿಳುವಳಿಕೆಯುಳ್ಳ ಸಮ್ಮತಿ’, ಕೆಪ್ಯಾಸಿಟಿಗೆ ‘ಅರ್ಹತೆ’, ಸಪೋರ್ಟೆಡ್ ಅಡ್ಮಿಷನ್ನಿಗೆ ‘ಬೆಂಬಲಿತ ದಾಖಲಾತಿ’, ಅಡ್ವಾನ್ಸ್ ಡೈರೆಕ್ಟಿವ್‌ಗೆ ‘ಮುಂಗಡ ನಿರ್ದೇಶನ’, ಸೆಕ್ಲೂಷನ್ನಿಗೆ ‘ಏಕಾಂತ’ ಎಂದಿದೆ. ಇವುಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಬದಲಿಸಬೇಕು? ಶಿರಸಿ ಕಡೆ ಹುಚ್ಚಿಗೆ ಹೇಳುವ ‘ಮಳ್ಳು’ ಪದಕ್ಕೆ ಕರಪತ್ರದಲ್ಲಿ ಜಾಗ ಇದೆಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಕಾರವಾರದಿಂದ

*

ನಮಸ್ಕಾರ.

ಮೊದಲು ‘ತಿಳುವಳಿಕೆಯುಳ್ಳ ಸಮ್ಮತಿ’. ‘ತಿಳುವಳಿಕೆ ಇಲ್ಲದವ’ ಅಂದರೆ ನಮ್ಮ ಮಾತಿನಲ್ಲಿ ಬುದ್ಧಿ ಇಲ್ಲದವ. ಹಾಗಾಗಿ ಈ ಪದ ಓದಿದ ಕೂಡಲೇ ಭಾರವೆಲ್ಲ ರೋಗಿಯ ತಲೆಗೆ ಬೀಳುತ್ತದೆ: ಇವನಿಗೆ ತಿಳುವಳಿಕೆ ಇದೆಯೋ ಇಲ್ಲವೋ? ಕಾಯ್ದೆಯಲ್ಲಿ ಭಾರ ಇರುವುದು ಡಾಕ್ಟರ ಮೇಲೆ. ಯಾವ ಚಿಕಿತ್ಸೆ, ಅದರಿಂದ ಲಾಭ ಏನು, ಅಪಾಯ ಏನು, ಅದು ಬೇಡ ಎಂದರೆ ಬೇರೆ ದಾರಿ ಯಾವುದು ಎಂಬುದನ್ನೆಲ್ಲ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಆಮೇಲೆ ಒತ್ತಾಯ, ಬೆದರಿಕೆ, ಮೋಸ, ತಪ್ಪು ಮಾಹಿತಿ ಯಾವುದೂ ಇಲ್ಲದೆ, ನಿರ್ದಿಷ್ಟವಾಗಿ ಆ ಒಂದು ಚಿಕಿತ್ಸೆಗೆ ರೋಗಿ ಹೂಂ ಅನ್ನಬೇಕು. ಇದಕ್ಕೆ ‘ತಿಳಿದು ಕೊಟ್ಟ ಒಪ್ಪಿಗೆ’ ಸಾಕು. ‘ತಿಳಿಸಿ ಪಡೆದ ಒಪ್ಪಿಗೆ’ ಎಂದೂ ಕೆಲವರು ಬರೆಯುತ್ತಾರೆ. ಅದು ಆಸ್ಪತ್ರೆಯ ಕಡೆ ನಿಂತು ಹೇಳಿದ ಮಾತು. ಸಿಬ್ಬಂದಿಯ ಕೈಪಿಡಿಯಲ್ಲಿ ಇರಲಿ. ಕರಪತ್ರ ರೋಗಿಯದು, ಅಲ್ಲಿ ‘ಕೊಟ್ಟ’ ಎಂದೇ ಇರಬೇಕು.

‘ನಿರ್ದಿಷ್ಟವಾಗಿ’ ಎಂಬ ಪದವನ್ನು ಅನುವಾದದಲ್ಲಿ ಬಿಡಬೇಡಿ. ಆಸ್ಪತ್ರೆ ಸೇರುವಾಗ ಹಾಕಿದ ಸಹಿ ಇಸಿಟಿಗೆ, ಅಂದರೆ ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆಗೆ, ಒಪ್ಪಿಗೆ ಆಗುವುದಿಲ್ಲ. ಅದಕ್ಕೆ ಬೇರೆ ಕಾಗದ, ಬೇರೆ ಮಾತುಕತೆ ಬೇಕು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಇಸಿಟಿ ಮಾಡುವುದನ್ನು ಕಲಂ 95 ನಿಷೇಧಿಸಿದೆ. ಎಷ್ಟು ಸಲ ಕೊಡುತ್ತಾರೆ, ಅದಕ್ಕೆ ಮುಂಚೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು, ಆಮೇಲೆ ಮರೆವು ಬರಬಹುದೇ ಎಂಬುದನ್ನು ಹೇಳದೆ ತೆಗೆದುಕೊಂಡ ಸಹಿ ಬರೀ ಸಹಿ. ಕರಪತ್ರದಲ್ಲಿ ‘ವಿದ್ಯುತ್ ಕಂಪನ ಚಿಕಿತ್ಸೆ’ ಎಂದು ಬರೆದರೂ ಪಕ್ಕದಲ್ಲಿ ‘ಕರೆಂಟ್ ಕೊಡುವುದು’ ಎಂದು ಹಾಕಿ. ಇಲ್ಲದಿದ್ದರೆ ಯಾವುದರ ಮಾತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ‘ಇಸು’ ಪ್ರತ್ಯಯದ ವಿಷಯ. ನನ್ನ ಮಟ್ಟಿಗೆ ಈ ಚರ್ಚೆಯ ಜೀವ ಇದರಲ್ಲೇ ಇದೆ. ರೋಗಿ ಒಪ್ಪುತ್ತಾನೆ, ಮನೆಯವರು ಒಪ್ಪಿಸುತ್ತಾರೆ. ‘ಒಪ್ಪಿಸು’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಹೂಂ ಅನ್ನುವ ಹಾಗೆ ಮಾಡು, ಮತ್ತು ಇನ್ನೊಬ್ಬರ ವಶಕ್ಕೆ ಕೊಡು. ‘ಪೊಲೀಸರಿಗೆ ಒಪ್ಪಿಸಿದರು’ ಎಂಬಲ್ಲಿ ಎರಡನೆಯದು. ಮನೋವೈದ್ಯಕೀಯದಲ್ಲಿ ಈ ಎರಡೂ ಅರ್ಥ ಒಂದಾಗಿಬಿಡುವ ಅಪಾಯ ದಿನವೂ ಇದೆ. ನುಂಗು, ನುಂಗಿಸು. ಮಲಗು, ಮಲಗಿಸು. ಸೇರು, ಸೇರಿಸು. ಕಾಯ್ದೆ ಹತ್ತು ಸಾಲಿನಲ್ಲಿ ಎಳೆಯುವ ಗೆರೆಯನ್ನು ಕನ್ನಡದ ಧಾತು ಎರಡೇ ಅಕ್ಷರದಲ್ಲಿ ಎಳೆಯುತ್ತದೆ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ. ಜ್ವರ ಬಂದವರನ್ನೂ ‘ಸೇರಿಸಿದರು’ ಎನ್ನುತ್ತೇವೆ, ಮನಸ್ಸಿನ ಕಾಯಿಲೆಯವರನ್ನಂತೂ ‘ಧಾರವಾಡಕ್ಕೆ ಹಾಕಿದರು’ ಎನ್ನುತ್ತೇವೆ, ಅಂದರೆ ಅಲ್ಲಿಯ ಮಾನಸಿಕ ಆಸ್ಪತ್ರೆಗೆ. ಜೈಲಿಗೆ ಹಾಕುವುದಕ್ಕೂ ಅದೇ ಕ್ರಿಯಾಪದ.

ಕಲಂ 86 ಹೇಳುವುದು ‘ಸೇರುವುದು’. ಹದಿನೆಂಟು ದಾಟಿದ ವ್ಯಕ್ತಿ ತಾನೇ ಬಂದು ಕೇಳುತ್ತಾನೆ, ತಾನೇ ಸಹಿ ಹಾಕುತ್ತಾನೆ. ಅವನ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಇಲ್ಲ. ಹೋಗುತ್ತೇನೆ ಎಂದರೆ ಕಳಿಸಬೇಕು. ತಡೆಯಲೇಬೇಕಾದ ಕಾರಣ ಕಂಡರೆ ಕಲಂ 88ರ ಪ್ರಕಾರ 24 ಗಂಟೆ ಮಾತ್ರ ಇಟ್ಟುಕೊಂಡು ಪರೀಕ್ಷಿಸಬಹುದು. ಕಲಂ 89 ಹೇಳುವುದು ‘ಸೇರಿಸುವುದು’. ಕಾಯ್ದೆಯ ಇಂಗ್ಲಿಷ್ ಇದನ್ನು ‘ಬೆಂಬಲ’ ಎಂದು ಕರೆದು ಮೆತ್ತಗೆ ಮಾಡಿದೆ. ನಾವೂ ‘ಬೆಂಬಲಿತ ದಾಖಲಾತಿ’ ಎಂದರೆ ಆ ಮೆತ್ತಗಿನ ಹೊದಿಕೆಯನ್ನೇ ಹೊದಿಸಿದ ಹಾಗೆ. ಶಾಲೆಯ ದಾಖಲಾತಿ ಆಂದೋಲನದ ನೆನಪೂ ಬರುತ್ತದೆ. ನಡೆಯುವುದೇನೆಂದರೆ, ರೋಗಿಯ ಪರವಾಗಿ ಮಾತಾಡುವ ಪ್ರತಿನಿಧಿ ಅರ್ಜಿ ಕೊಡುತ್ತಾನೆ. ಅದೇ ದಿನ ಅಥವಾ ಹಿಂದಿನ 7 ದಿನಗಳೊಳಗೆ ಇಬ್ಬರು, ಅವರಲ್ಲಿ ಒಬ್ಬರು ಮನೋವೈದ್ಯರು, ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ, ಇತರರಿಗೆ ಹಾನಿ ಮಾಡುವ, ಇಲ್ಲವೇ ತನ್ನ ಆರೈಕೆ ಮಾಡಿಕೊಳ್ಳಲಾಗದೆ ಅಪಾಯಕ್ಕೆ ಬೀಳುವ ಸ್ಥಿತಿ ಇದೆ ಎಂದು ಇಬ್ಬರಿಗೂ ಕಂಡಿರಬೇಕು. ಮಿತಿ 30 ದಿನ. ಹೆಣ್ಣುಮಕ್ಕಳು, ಅಪ್ರಾಪ್ತ ವಯಸ್ಕರಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಕಾಯ್ದೆಯಡಿ ರಚಿಸಿದ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. 7 ದಿನಕ್ಕೊಮ್ಮೆ ರೋಗಿ ಈಗ ತಾನೇ ನಿರ್ಧರಿಸಬಲ್ಲನೇ ಎಂದು ನೋಡಬೇಕು. ರೋಗಿ ಮಂಡಳಿಗೆ ತಕರಾರು ಅರ್ಜಿ ಹಾಕಬಹುದು. ಅದನ್ನು ಮಂಡಳಿ 7 ದಿನದಲ್ಲಿ ತೀರ್ಮಾನಿಸಬೇಕು.

ನನ್ನ ಸಲಹೆ: ‘ತಾನಾಗಿ ಸೇರುವುದು’ ಮತ್ತು ‘ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸುವುದು’. ಎರಡನೆಯದು ಉದ್ದವಾಯಿತು ಎಂದು ಕತ್ತರಿಸಬೇಡಿ. ಯಾರು ಕೇಳಿದರು ಎಂಬುದು ಆ ಉದ್ದದಲ್ಲಿ ಕಾಣುತ್ತದೆ.

ಒಪ್ಪಿಗೆ ಪತ್ರದ ಒಕ್ಕಣೆಯನ್ನೂ ನೋಡಿ. ಅನೇಕ ಕಡೆ ಅಚ್ಚಾದ ನಮೂನೆ ಹೀಗಿರುತ್ತದೆ: ‘ಡಾಕ್ಟರು ನಮಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ್ದಾರೆ. ಮುಂದೆ ಏನೇ ಆದರೂ ಆಸ್ಪತ್ರೆಯವರು ಜವಾಬ್ದಾರರಲ್ಲ.’ ತಲೆಬರಹ ಒಪ್ಪಿಗೆ ಪತ್ರ, ಒಳಗಿರುವುದು ಮುಚ್ಚಳಿಕೆ. ಮೊದಲ ವಾಕ್ಯದ ‘ನಮಗೆ’ ಯಾರಿಗೆ? ‘ಎಲ್ಲವನ್ನೂ’ ಅಂದರೆ ಏನನ್ನು? ಅಲ್ಲಿ ಖಾಲಿ ಗೆರೆ ಬಿಟ್ಟು ಮದ್ದಿನ ಹೆಸರು, ತೊಂದರೆಗಳು, ಬೇರೆ ದಾರಿ ಕೈಯಲ್ಲೇ ಬರೆಯುವಂತೆ ಇಡಬೇಕು. ‘ನಮಗೆ’ ಹೋಗಿ ‘ನನಗೆ’ ಬರಬೇಕು. ಹೇಳಿದ್ದು ಕನ್ನಡದಲ್ಲೋ ಕೊಂಕಣಿಯಲ್ಲೋ ಎಂಬುದನ್ನೂ ನಮೂದಿಸಬೇಕು. ಕಾಗದ ಕನ್ನಡದಲ್ಲಿದ್ದು ರೋಗಿ ಕೊಂಕಣಿಯವಳಾದರೆ ಬಾಯಲ್ಲಿ ಕೊಂಕಣಿಯಲ್ಲೇ ಹೇಳುವುದು ಉಪಕಾರ ಅಲ್ಲ, ಕಾಯ್ದೆ ಕೇಳುವ ಕೆಲಸ. ‘ಸಮ್ಮತಿ’ಗಿಂತ ‘ಒಪ್ಪಿಗೆ’ ಮೇಲು. ಕರಾವಳಿಯಲ್ಲಿ ‘ಕಬೂಲ್’ ಎಂದು ಬಾಯಲ್ಲಿ ಕೇಳಿದರೆ ಎರಡೂ ಭಾಷೆಯವರಿಗೆ ತಿಳಿಯುತ್ತದೆ.

‘ಅರ್ಹತೆ’ಯನ್ನು ದಯವಿಟ್ಟು ತೆಗೆಯಿರಿ. ಅರ್ಹತೆ ನೌಕರಿಗೆ, ರೇಷನ್ ಕಾರ್ಡಿಗೆ. ‘ಸಾಮರ್ಥ್ಯ’ ಪರವಾಗಿಲ್ಲ, ಆದರೆ ಕನ್ನಡದಲ್ಲಿ ಇದಕ್ಕೆಂದೇ ಕಾದು ಕೂತಿರುವ ಕ್ರಿಯಾಪದ ‘ಬಲ್ಲ’. ಅದರಲ್ಲಿ ತಿಳಿದಿರುವುದೂ ಇದೆ, ಆಗುವುದೂ ಇದೆ. ‘ನೀವು ನಿಮ್ಮ ಚಿಕಿತ್ಸೆಯ ಬಗ್ಗೆ ನಿರ್ಧರಿಸಬಲ್ಲವರು’ ಎಂದು ಬರೆದರೆ ಕಲಂ 4 ಅರ್ಧ ಹೇಳಿದ ಹಾಗೆ. ಉಳಿದ ಅರ್ಧದಲ್ಲಿ ಒಂದು ಸಣ್ಣ ಪದ ತಪ್ಪದಿರಲಿ. ಮಾಹಿತಿಯನ್ನು ಅರ್ಥಮಾಡಿಕೊಳ್ಳುವುದು, ನಿರ್ಧಾರದ ಪರಿಣಾಮ ಊಹಿಸುವುದು, ಮಾತು, ಸನ್ನೆ ಅಥವಾ ಬೇರಾವುದೇ ರೀತಿಯಲ್ಲಿ ತಿಳಿಸುವುದು ಎಂಬ ಮೂರರ ನಡುವೆ ಕಾಯ್ದೆಯಲ್ಲಿರುವುದು ‘ಅಥವಾ’. ಅನುವಾದಕರ ಕೈ ತಾನಾಗಿ ‘ಮತ್ತು’ ಎಂದು ಬರೆಯುತ್ತದೆ, ಏಕೆಂದರೆ ಮೂರೂ ಬೇಕು ಎನ್ನುವುದು ಸಹಜವಾಗಿ ಕಾಣುತ್ತದೆ. ಬರೆದರೆ ಹಕ್ಕು ಕಿರಿದಾಗುತ್ತದೆ. ಇತರರಿಗೆ ತಪ್ಪೆಂದು ಕಾಣುವ ನಿರ್ಧಾರ ತೆಗೆದುಕೊಂಡ ಮಾತ್ರಕ್ಕೆ ನಿರ್ಧರಿಸಲಾರದವನು ಎನ್ನುವಂತಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಮಾತ್ರೆ ಬೇಡ ಎಂದವರಿಗೆಲ್ಲ ಈ ವಾಕ್ಯ ಬೇಕು.

ಇದಕ್ಕೆ ಹತ್ತಿರದ ಇನ್ನೊಂದು ಪದವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು: ಇನ್‌ಸೈಟ್. ಕೇಸ್ ಶೀಟಿನಲ್ಲಿ ಇದು ಇರುತ್ತದೆ, ಕನ್ನಡಕ್ಕೆ ತರುವವರು ‘ಅರಿವು’ ಎನ್ನುತ್ತಾರೆ. ಡಾಕ್ಟರ ಲೆಕ್ಕದಲ್ಲಿ ಅದರ ಅರ್ಥ, ತನಗಿರುವುದು ಕಾಯಿಲೆ ಎಂದು ರೋಗಿ ಒಪ್ಪುತ್ತಾನೋ ಇಲ್ಲವೋ ಎಂಬುದು. ಕನ್ನಡದಲ್ಲಿ ‘ಅರಿವು’ ಬಲು ದೊಡ್ಡ ಪದ. ‘ಇವಳಿಗೆ ಅರಿವಿಲ್ಲ’ ಎಂದು ಬರೆದರೆ ಇಡೀ ಮನುಷ್ಯಳನ್ನೇ ಅಳಿಸಿದ ಹಾಗೆ. ಡಾಕ್ಟರ ಮಾತಿಗೆ ಹೂಂ ಎಂದವರು ಅರಿವುಳ್ಳವರು, ಉಹುಂ ಎಂದವರು ಅರಿವಿಲ್ಲದವರು ಎಂದಾಗಿಬಿಡುತ್ತದೆ. ಮನೋವೈದ್ಯಕೀಯದ ಮೇಲೆ ರೋಗಿಗಳ ಸಂಘಟನೆಗಳು ಹಲವು ದೇಶಗಳಲ್ಲಿ ಎತ್ತಿದ ದೊಡ್ಡ ಆಕ್ಷೇಪಗಳಲ್ಲಿ ಇದೂ ಒಂದು. ‘ಇದು ಕಾಯಿಲೆ ಎಂದು ರೋಗಿ ಒಪ್ಪುವುದಿಲ್ಲ’ ಎಂದು ಬರೆದರೆ ನಿಜವೂ ಆಯಿತು, ಅವಮಾನವೂ ಇಲ್ಲ.

‘ಮುಂಗಡ’ ನಮ್ಮ ಕಡೆ ದುಡ್ಡು. ಅಡಿಕೆ ವ್ಯಾಪಾರಿ ಕೊಡುವುದು, ಬೋಟಿನ ಕೆಲಸಗಾರ ತೆಗೆದುಕೊಳ್ಳುವುದು. ‘ಮುಂಗಡ ನಿರ್ದೇಶನ’ ಎಂದರೆ ಯಾರೋ ಹಣ ಕಟ್ಟಬೇಕು ಅಂದುಕೊಳ್ಳುತ್ತಾರೆ. ‘ಇಚ್ಛಾಪತ್ರ’ ಎಂದರೆ ವಿಲ್ ಆಗುತ್ತದೆ, ನಮ್ಮಲ್ಲಿ ಮೃತ್ಯುಪತ್ರ ಎನ್ನುತ್ತಾರಲ್ಲ, ಅದು. ‘ಮುಂಚೆಯೇ ಬರೆದಿಟ್ಟ ಮಾತು’ ಎಂದು ಶೀರ್ಷಿಕೆ ಕೊಟ್ಟು ಕೆಳಗೆ ವಿವರಿಸಿ: ಮುಂದೊಂದು ದಿನ ನಾನು ನಿರ್ಧರಿಸಲಾರದ ಸ್ಥಿತಿಗೆ ಬಂದರೆ ನನಗೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ, ನನ್ನ ಪರವಾಗಿ ಇಂಥವರು ಮಾತಾಡಲಿ. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ, ಆ ತುರ್ತಿನ ಮಿತಿ ಸಾಮಾನ್ಯವಾಗಿ 72 ಗಂಟೆ ಎಂಬುದನ್ನೂ ಮುಚ್ಚಿಡದೆ ಹೇಳಿ. ತುರ್ತು ಎಂಬ ನೆಪದಲ್ಲಿ ಇಸಿಟಿ ಕೊಡುವಂತಿಲ್ಲ.

ಪ್ರತಿನಿಧಿಗೆ ‘ನಾಮಿನಿ’ ಬೇಡ. ಬ್ಯಾಂಕಿನ ನಾಮಿನಿ ಸತ್ತ ಮೇಲೆ ಬರುವವನು. ‘ನಾನು ಆರಿಸಿದ ಪ್ರತಿನಿಧಿ’ ಎನ್ನಿ. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಆಯಿತು, ಯಾವಾಗ ಬೇಕಾದರೂ ಬದಲಿಸಬಹುದು.

‘ಏಕಾಂತ’ ಮನಸ್ಸಿಗೆ ಹಿತವಾದ ಪದ, ದೇವಸ್ಥಾನದಲ್ಲೂ ಏಕಾಂತ ಸೇವೆ ಇದೆ. ಕಲಂ 97 ನಿಷೇಧಿಸಿರುವುದು ‘ಒಂಟಿಯಾಗಿ ಕೂಡಿಹಾಕುವುದು’. ‘ನಿರ್ಬಂಧ’ ಎಂಬ ಪದದಲ್ಲೂ ಹಗ್ಗ ಕಾಣುವುದಿಲ್ಲ. ‘ಕೈಕಾಲು ಕಟ್ಟುವುದು’ ಎಂದು ಬರೆಯಿರಿ. ಕಣ್ಣೆದುರೇ ಆಗಲಿರುವ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯ ಮೇಲೆ, ಬೇಕಾದಷ್ಟೇ ಹೊತ್ತು ಮಾತ್ರ. ಶಿಕ್ಷೆಗಾಗಿ ಅಲ್ಲ, ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆ ಎಂದೂ ಅಲ್ಲ. ಮಾಡಿದ್ದನ್ನು ಬರೆದಿಡಬೇಕು, ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸರಪಳಿಯಂತೂ ಯಾವ ಕಾರಣಕ್ಕೂ ಇಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸತ್ತ 28 ಜನ ಓಡಲಾರದೆ ಸತ್ತದ್ದು ಸರಪಳಿಯಿಂದ.

‘ಬಿಡುಗಡೆ’ ಬದಲು ‘ಡಿಸ್ಚಾರ್ಜ್’ ಇರಲಿ. ಜನ ಹೇಳುವುದೂ ಅದನ್ನೇ, ಜೈಲಿನ ವಾಸನೆಯೂ ಇಲ್ಲ.

*

‘ಮಳ್ಳು’ ಬಗ್ಗೆ ಶಿರಸಿಯಿಂದ ಒಂದು ಸೇರ್ಪಡೆ.

ಹಳೆಯ ‘ಮರುಳ್’ ಎಂಬುದೇ ಮರ್ಳು ಆಗಿ ಮಳ್ಳು ಆದದ್ದು. ಕರುಳು ಧಾರವಾಡದ ಕಡೆ ‘ಕಳ್ಳು’ ಆದ ಹಾಗೆ, ಅರಳು ‘ಅಳ್ಳು’ ಆದ ಹಾಗೆ. ನಮ್ಮಲ್ಲಿ ಇದು ಬರೀ ಬೈಗುಳ ಅಲ್ಲ. ಮಕ್ಕಳಿಗೆ ಪ್ರೀತಿಯಿಂದಲೂ ಅನ್ನುತ್ತಾರೆ, ಕೇಳದ ಹಟಕ್ಕೂ ಅನ್ನುತ್ತಾರೆ, ನಿಜವಾದ ಕಾಯಿಲೆಗೂ ಅನ್ನುತ್ತಾರೆ. ವ್ಯಕ್ತಿಯ ಹೆಸರಾಗಿ ಬೇಡ; ಅಲ್ಲಿ ‘ಮಾನಸಿಕ ಕಾಯಿಲೆ ಇರುವವರು’ ಸರಿ. ‘ಬುದ್ಧಿಮಾಂದ್ಯ’ವನ್ನು ಇದರ ಜೊತೆ ಬೆರೆಸಬೇಡಿ, ಅದು ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಆದರೆ ಒಂದು ಕಡೆ ‘ಮಳ್ಳು’ ಬೇಕೇ ಬೇಕು. ಊರಿನ ನೀತಿ, ನಂಬಿಕೆ, ರಾಜಕೀಯಕ್ಕೆ ಒಗ್ಗಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ ಎನ್ನುತ್ತದೆ ಕಲಂ 3. ಇದನ್ನು ಹೀಗೆ ಬರೆಯಬಹುದು: ‘ಜಾತಿ ಬಿಟ್ಟು ಮದುವೆಯಾದವರನ್ನು, ದೇವರಿಗೆ ಕೈಮುಗಿಯದವರನ್ನು ಜನ ಮಳ್ಳು ಎನ್ನಬಹುದು. ಡಾಕ್ಟರು ಆ ಕಾರಣಕ್ಕೆ ಕಾಯಿಲೆ ಎಂದು ಬರೆಯುವಂತಿಲ್ಲ.’

ಇನ್ನೊಂದು ತೊಡಕು ಹಿಸ್ಸೆಯದು, ಅಂದರೆ ಆಸ್ತಿ ಪಾಲಿನದು. ನಮ್ಮ ಖರೀದಿ ಪತ್ರ, ಹಿಸ್ಸೆ ಪತ್ರಗಳಲ್ಲಿ ‘ಸ್ವಸಂತೋಷದಿಂದ, ಸ್ವಸ್ಥಚಿತ್ತದಿಂದ ಬರೆದುಕೊಟ್ಟದ್ದು’ ಎಂಬ ಒಕ್ಕಣೆ ಇರುತ್ತದೆ. ಎಂದೋ ಮಾತ್ರೆ ತೆಗೆದುಕೊಂಡ ತಂಗಿಯನ್ನು ‘ಸ್ವಸ್ಥಚಿತ್ತ ಇಲ್ಲ’ ಎಂದು ಬದಿಗಿಡಲು ಅದೇ ಪದ ಸಾಕಾಗುತ್ತದೆ. ಆದರೆ ‘ಮಾನಸಿಕ ಕಾಯಿಲೆ’ ಮತ್ತು ‘ಅಸ್ವಸ್ಥಚಿತ್ತ’ ಕಾನೂನಿನಲ್ಲಿ ಒಂದೇ ಅಲ್ಲ. ಎರಡನೆಯದನ್ನು ಹೇಳಬೇಕಾದ್ದು ನ್ಯಾಯಾಲಯ. ಹಿಂದೆ ಚಿಕಿತ್ಸೆ ಪಡೆದದ್ದು, ಆಸ್ಪತ್ರೆಯಲ್ಲಿದ್ದದ್ದು ಅಷ್ಟರಿಂದಲೇ ಈಗಲೂ ಕಾಯಿಲೆ ಇದೆ ಎನ್ನಲು ಬರುವುದಿಲ್ಲ. ಆದ್ದರಿಂದ ಕರಪತ್ರದಲ್ಲಿ ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದು ಎಂಬಂತೆ ಎಲ್ಲೂ ಬಳಸಬೇಡಿ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಹಾಕಿ: ‘ಹಳೆಯ ಮಾತ್ರೆ ಚೀಟಿ ತೋರಿಸಿ ನಿಮ್ಮ ಸಹಿ ನಡೆಯುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ.’