ದೂರವಾಣಿಯ ‘ಸಿಗ್ನಲಿಂಗ್’ಗೆ ‘ಸಂಕೇತ’ ಒಪ್ಪುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಡಿಪ್ಲೊಮಾ ಹುಡುಗರಿಗಾಗಿ ದೂರವಾಣಿ ಜಾಲದ ಮೇಲೊಂದು ಪಾಠ ಬರೆಯುತ್ತಿದ್ದೇನೆ. ‘ಸಿಗ್ನಲಿಂಗ್’ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತದೆ. ಸಂಕೇತ, ಸಂಜ್ಞೆ, ಸನ್ನೆ, ಸೂಚನೆ ಎಲ್ಲವೂ ಕೈಗೆ ಸಿಗುತ್ತವೆ, ಯಾವುದೂ ಸರಿಯಾಗಿ ಕೂರುವುದಿಲ್ಲ. ‘ಸಿಗ್ನಲ್’ ಎಂದೇ ಬಿಡೋಣವೆಂದರೆ ನಮ್ಮ ಮಂಗಳೂರಲ್ಲಿ ಅದಕ್ಕೆ ಬೇರೆ ಕೆಲಸವಿದೆ. ‘ಘಾಟಿಯಲ್ಲಿ ಸಿಗ್ನಲ್ ಇಲ್ಲ ಮಾರಾಯ್ರೆ’ ಅಂದರೆ ಟವರ್ ಸಿಗುವುದಿಲ್ಲ ಎಂದರ್ಥ. ನನಗೆ ಬೇಕಾದದ್ದು, ಕರೆ ಜೋಡಿಸಲು ಎಕ್ಸ್‌ಚೇಂಜುಗಳು ತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಹೆಸರು.

ಹಿಂದೆ ನಾವು ಮಾತಾಡುವ ತಂತಿಯಲ್ಲೇ ಇದೂ ಹೋಗುತ್ತಿತ್ತು. ಅಮೆರಿಕದ ಟ್ರಂಕ್ ಲೈನುಗಳಲ್ಲಿ 2600 ಹರ್ಟ್ಸ್ ಸ್ವರ ಕೇಳಿಸಿದರೆ ಆ ಲೈನ್ ಖಾಲಿ ಎಂದು ಲೆಕ್ಕ. ಹೊರಗಿನವರೂ ಅದೇ ಸ್ವರ ಹೊರಡಿಸಿ ಪುಕ್ಕಟೆ ಕರೆ ಮಾಡಿದ್ದು ಹಳೆಯ ಕಥೆ. ಇಂಥದಕ್ಕೆ ‘ಸನ್ನೆ’ ಚೆನ್ನಾಗಿಯೇ ಒಪ್ಪುತ್ತದೆ. ಭಾಗವತರ ಜಾಗಟೆಯ ಪೆಟ್ಟಿಗೆ ವೇಷಧಾರಿ ತಿರುಗಿದ ಹಾಗೆ, ಒಂದು ಸದ್ದಿಗೆ ಒಂದು ಅರ್ಥ.

ಎಸ್‌ಎಸ್‌7 (ಸಿಗ್ನಲಿಂಗ್ ಸಿಸ್ಟಮ್ 7, ಎಕ್ಸ್‌ಚೇಂಜುಗಳ ಈ ಮಾತುಕತೆಯ ನಿಯಮಾವಳಿ) ಬಂದಮೇಲೆ ಇದರ ದಾರಿಯೇ ಮಾತಿನ ದಾರಿಯಿಂದ ಬೇರೆಯಾಯಿತು. ಎಕ್ಸ್‌ಚೇಂಜುಗಳನ್ನು ಜೋಡಿಸುವ ಇ1 ಎಂಬ ಡಿಜಿಟಲ್ ಲೈನಿನಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ನ 32 ಟೈಮ್‌ಸ್ಲಾಟ್‌ಗಳು, ಅಂದರೆ ಪಾಲುಗಳು, ಇರುತ್ತವೆ. ಹೆಚ್ಚಾಗಿ 16ನೆಯದನ್ನು ಇದಕ್ಕೆಂದು ಬಿಡುತ್ತಾರೆ. ಆ ಒಂದೇ ಲಿಂಕ್ ನೂರಾರು ಕರೆಗಳ ಉಸ್ತುವಾರಿ ನೋಡುತ್ತದೆ. ಉಡುಪಿಯ ಲ್ಯಾಂಡ್‌ಲೈನಿನಿಂದ 0824 ಒತ್ತಿ ಮಂಗಳೂರಿಗೆ ಕರೆ ಮಾಡಿದರೆ, ಮೊದಲು ಐಎಎಂ (ಇನಿಶಿಯಲ್ ಅಡ್ರೆಸ್ ಮೆಸೇಜ್) ಹೊರಡುತ್ತದೆ: ಯಾವ ನಂಬರಿಗೆ, ಯಾವ ನಂಬರಿನಿಂದ, ಮಾತು ಯಾವ ಸರ್ಕ್ಯೂಟಿನಲ್ಲಿ. ನಂಬರು ಪೂರ್ತಿ ಸಿಕ್ಕಿತೆಂದು ಅತ್ತಲಿಂದ ಎಸಿಎಂ (ಅಡ್ರೆಸ್ ಕಂಪ್ಲೀಟ್ ಮೆಸೇಜ್). ಫೋನ್ ಎತ್ತಿದರೆ ಎಎನ್‌ಎಂ (ಆನ್ಸರ್ ಮೆಸೇಜ್), ಬಿಲ್ ಶುರುವಾಗುವುದು ಆಗ. ಕರೆ ಮುಗಿಸಲು ಆರ್‌ಇಎಲ್ (ರಿಲೀಸ್), ಅದರೊಳಗೆ ಕಾರಣದ ಸಂಖ್ಯೆ: ಮಾಮೂಲಾಗಿ ಇಟ್ಟರೆ 16, ಲೈನ್ ಬಿಝಿ ಇದ್ದರೆ 17. ಎಎನ್‌ಎಂ ಬರುವ ಮೊದಲೇ ಆರ್‌ಇಎಲ್ ಕಳಿಸಿಬಿಡುವ ಕಲೆಯನ್ನೇ ನಾವು ಮಿಸ್ ಕಾಲ್ ಎಂದು ಕರೆಯುತ್ತಿದ್ದುದು!

ವಿಳಾಸ, ವಿವರ, ಕಾರಣ ಎಲ್ಲ ಇರುವ ಇದನ್ನು ‘ಸನ್ನೆ’ ಎಂದರೆ ಸಾಲದು. ‘ಸಂಕೇತ’ವೆಂದರೆ ಗುಟ್ಟಿನ ಭಾಷೆಯ ವಾಸನೆ, ‘ಸಂಕೇತ ಜಾಲ’ ಎಂದರಂತೂ ಪತ್ತೇದಾರಿ ಕಾದಂಬರಿಯೇ. ‘ಸಂದೇಶ’ವನ್ನು ಎಸ್ಸೆಮ್ಮೆಸ್ ಆಗಲೇ ಹಿಡಿದುಕೊಂಡಿದೆ. (ತಮಾಷೆಯೆಂದರೆ ಎಸ್ಸೆಮ್ಮೆಸ್ ಓಡಾಡಿದ್ದೂ ಇದೇ ಹಾದಿಯಲ್ಲಿ. ಒಂದಕ್ಕೆ ಸಿಗುವ ಜಾಗ 140 ಬೈಟ್. ಹಾಗಾಗಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಅದರಲ್ಲೂ ‘ಕ್ಷ’ ಒಂದೇ ಮೂರನ್ನು ತಿನ್ನುತ್ತದೆ.)

ನನ್ನ ಒಲವು ‘ಸೂಚನೆ’ಯ ಕಡೆಗೆ. ತಿಳಿಸುವುದೂ ಅದರಲ್ಲಿದೆ, ಹೀಗೆ ಮಾಡು ಎನ್ನುವುದೂ ಇದೆ. ಈಗ ಇವೇ ಸೂಚನೆಗಳನ್ನು ಸಿಗ್‌ಟ್ರಾನ್ ಎಂಬ ವಿಧಾನದ ಮೂಲಕ ಐಪಿ (ಇಂಟರ್ನೆಟ್ ಮಾದರಿಯ) ಜಾಲದಲ್ಲೂ ಸಾಗಿಸುತ್ತಾರೆ. ಆದ್ದರಿಂದ ತಂತಿ, ಟೈಮ್‌ಸ್ಲಾಟ್‌ಗಳಿಗೆ ಅಂಟಿಕೊಂಡ ಪದ ಬೇಡ.

ನೂರಾರು ಕರೆಗಳ ಸೂಚನೆಗಳು ಒಟ್ಟಿಗೆ ಸಾಗುವ ಆ ಒಂದೇ ಹಾದಿಗೆ ಇಂಗ್ಲಿಷಿನಲ್ಲಿ ‘ಕಾಮನ್ ಚಾನೆಲ್’ ಎನ್ನುತ್ತಾರೆ. ಅದಕ್ಕೆ ‘ಸಾಮಾನ್ಯ ವಾಹಿನಿ’ ಎಂದು ಬರೆದರೆ ಹುಡುಗರು ಸಾಧಾರಣ ಟಿವಿ ಚಾನೆಲ್ ಅಂದುಕೊಂಡಾರು. ಬ್ಯಾಂಕಿನ ಜಂಟಿ ಖಾತೆಯ ಮಾದರಿಯಲ್ಲಿ ‘ಜಂಟಿ ಸೂಚನಾ ಹಾದಿ’ ಆದೀತೇ?

ಇನ್ನೊಂದು ತೊಡಕು ಎಸ್‌ಟಿಪಿ (ಸಿಗ್ನಲ್ ಟ್ರಾನ್ಸ್‌ಫರ್ ಪಾಯಿಂಟ್). ಮಾತನ್ನು ಮುಟ್ಟದೆ, ಸೂಚನೆಗಳನ್ನಷ್ಟೇ ವಿಳಾಸ ನೋಡಿ ಮುಂದಕ್ಕೆ ಕಳಿಸುವ ಠಾಣೆ ಅದು. ‘ಸೂಚನಾ ವರ್ಗಾವಣೆ ಕೇಂದ್ರ’ ಎಂದರೆ ಸರಕಾರಿ ನೌಕರರ ಟ್ರಾನ್ಸ್‌ಫರ್ ಆರ್ಡರ್ ನೆನಪಾಗುತ್ತದೆ. ‘ದಾಟಿಸು’ವಿನಿಂದ ಏನಾದರೂ ಹುಟ್ಟಬಹುದೇ? ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ನೀವು ನಿಮ್ಮೊಳಗೆ ಇದಕ್ಕೆ ಏನನ್ನುತ್ತಿದ್ದಿರಿ ಎಂಬುದನ್ನೂ ದಯವಿಟ್ಟು ತಿಳಿಸಿ.