ಅಪ್‌ಡೇಟ್: ಅಮ್ಲೋಡಿಪಿನ್‌ನಿಂದ ಕಾಲು ಬಾವು
ಅಪ್ಪನ ಬಿಪಿ ಮಾತ್ರೆ ಅಮ್ಲೋಡಿಪಿನ್ 10 ಮಿ.ಗ್ರಾಂಗೆ ಏರಿದ ಮೇಲೆ ಸಂಜೆಯಾದರೆ ಪಾದ ಊದುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಈಗ ಬಾವು ಇಳಿದಿದೆ. ಫಲಿಸಿದ್ದು ‘ಡೋಸ್ ಇಳಿಸಿ ಟೆಲ್ಮಿಸಾರ್ಟನ್ (ಇನ್ನೊಂದು ಬಿಪಿ ಮಾತ್ರೆ) ಸೇರಿಸಬಹುದಾ ಅಂತ ಡಾಕ್ಟರನ್ನು ಕೇಳಿ’ ಅಂದವರ ಸಲಹೆ. ಡಾಕ್ಟರ್ ಅಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40 ಮಾಡಿದರು.

ನೀರಿನ ಮಾತ್ರೆಯಿಂದ (ಮೂತ್ರ ಹೆಚ್ಚಿಸುವ ಮಾತ್ರೆ) ಏನೂ ಆಗಲಿಲ್ಲ, ಆಗೋದೂ ಕಷ್ಟ. ಇದು ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವಲ್ಲ. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತೆ, ರಕ್ತ ವಾಪಸ್ ಒಯ್ಯುವ ಅಭಿಧಮನಿಗಳು ಹಾಗೇ ಇರುತ್ತವೆ; ನಡುವಿನ ಕೂದಲೆಳೆಯಂಥ ಲೋಮನಾಳಗಳಲ್ಲಿ ಒತ್ತಡ ಏರಿ ದ್ರವ ಜಿನುಗುತ್ತೆ. ಟೆಲ್ಮಿಸಾರ್ಟನ್ ಅಭಿಧಮನಿಗಳನ್ನೂ ಸಡಿಲಿಸುತ್ತೆ, ಹಾಗಾಗಿ ಆ ಒತ್ತಡ ಇಳಿಯುತ್ತೆ.

ಗೊತ್ತೇ ಇರದಿದ್ದ ವಿಷಯ: ಅಪ್ಪ ಮಂಡಿನೋವಿಗೆ ತಗೊಳ್ತಿದ್ದ ಡೈಕ್ಲೋಫೆನಾಕ್ ಬಿಪಿ ಏರಿಸುತ್ತೆ. ಅದನ್ನೂ ನಿಲ್ಲಿಸಿದರು.

ಟೆಲ್ಮಿಸಾರ್ಟನ್ ಶುರುವಾದ 1–2 ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ; ಈ ಮಾತ್ರೆಯಿಂದ ಪೊಟ್ಯಾಸಿಯಂ ಏರಬಹುದು. ‘ಲೋ ಸೋಡಿಯಂ’ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತೆ, ಡಾಕ್ಟರನ್ನು ಕೇಳದೆ ಬಳಸಬೇಡಿ.