ಹದಿನೈದರ ಮಗಳಿಗೆ ತೂಕ ಇಳಿಸುವ ಡಯೆಟ್ ಬೇಕೆ? ಆಹಾರತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸದಸ್ಯೆ, ತುಮಕೂರು): ಮೇಡಂ, ನಮಸ್ಕಾರ. ನನ್ನ ಮಗಳಿಗೆ 15 ವರ್ಷ, ಎತ್ತರ 154 ಸೆಂಟಿಮೀಟರ್, ತೂಕ 58 ಕಿಲೋ. ಮದುವೆಯೊಂದರಲ್ಲಿ ನೆಂಟರು ಅವಳ ಮೈಯ ಬಗ್ಗೆ ಮಾತನಾಡಿದ ಮೇಲೆ ಬೆಳಗಿನ ತಿಂಡಿಯನ್ನೇ ಬಿಟ್ಟು, ಬರೀ ಟೀ ಕುಡಿದು ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ಟ್ಯೂಷನ್ನಿಗೆ ಹೋಗುವಾಗ ಮಾತ್ರ ಬೇಕರಿಯ ಪಫ್, ಚಿಪ್ಸ್ ತಿನ್ನುತ್ತಾಳೆ. ಇಷ್ಟಪಡುತ್ತಿದ್ದ ಥ್ರೋಬಾಲ್ ಬಿಟ್ಟಿದ್ದಾಳೆ, ಸದಾ ಸುಸ್ತು ಎನ್ನುತ್ತಾಳೆ. ಯಾವ ಡಯೆಟ್ ಕೊಡಲಿ?

ಉತ್ತರ: ನಮಸ್ಕಾರ ಅಮ್ಮ. ನೀವು ಬರೆದಿರುವುದರಲ್ಲಿ ನನಗೆ ಹೆಚ್ಚು ಕಳವಳ ತಂದದ್ದು 58 ಕಿಲೋ ಅಲ್ಲ. ಅವಳು ಆಟ ಬಿಟ್ಟದ್ದು ಮತ್ತು ಸುಸ್ತು. ಅವಳ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, ಸುಮಾರು 24.5 ಆಗುತ್ತದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆಯ ಪ್ರಕಾರ ಇದು ಆ ವಯಸ್ಸಿಗೆ ಸ್ವಲ್ಪ ಹೆಚ್ಚು, ಆದರೆ ಬೊಜ್ಜಿನ ಮಟ್ಟವಲ್ಲ. ಹರೆಯದಲ್ಲಿ ಹೆಣ್ಣುಮಕ್ಕಳ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ದೇಹದ ಸಹಜ ಕ್ರಮ. ಸದ್ಯಕ್ಕೆ ತೂಕ ಏರದಂತೆ ನೋಡಿಕೊಂಡರೆ ಸಾಕು. ಇಳಿಸುವ ಗುರಿ ಬೇಡ.

ಮೊದಲು ರಕ್ತಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತ್ತು. ಮೈ ತುಂಬಿಕೊಂಡಿರುವ ಹುಡುಗಿಗೂ ಅದು ಬರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ ಕೊಡಬೇಕಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿಯೂ 60 ಮಿಲಿಗ್ರಾಂ ಕಬ್ಬಿಣವಿದೆ. ಅದನ್ನು ಎಸೆಯದೆ ಊಟದ ನಂತರ ನುಂಗುತ್ತಿದ್ದಾಳೆಯೇ ಎಂದು ಸಮಾಧಾನದಿಂದ ಕೇಳಿ.

ಬೆಳಗಿನ ತಿಂಡಿ ಬಿಟ್ಟವರು ಸಂಜೆ ಬೇಕರಿಯ ಮುಂದೆ ನಿಲ್ಲುವುದು ಬಾಯಿಚಪಲದಿಂದಲ್ಲ, ನಿಜವಾದ ಹಸಿವಿನಿಂದ. ರಾಗಿ ರೊಟ್ಟಿಗೆ ಶೇಂಗಾ ಚಟ್ನಿ, ನಿಂಬೆರಸ ಹಿಂಡಿದ ಹೆಸರುಕಾಳಿನ ಉಸಲಿ, ತಿನ್ನುವವರಾದರೆ ಮೊಟ್ಟೆ, ಇಷ್ಟು ಬೆಳಿಗ್ಗೆ ಹೊಟ್ಟೆಗೆ ಬಿದ್ದರೆ ಸಂಜೆಯ ಪಫ್ ತಾನಾಗಿಯೇ ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಗಟ್ಟಿಯಾಗುವ ಈ ವಯಸ್ಸಿನಲ್ಲಿ ಅದು ಬಹಳ ಮುಖ್ಯ. ಟೀಯನ್ನು ಊಟ ತಿಂಡಿಯ ಜೊತೆಗೆ ಕೊಡಬೇಡಿ, ಅದು ಕಬ್ಬಿಣಾಂಶ ಮೈಗೆ ಸೇರುವುದನ್ನು ತಡೆಯುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ.

ಥ್ರೋಬಾಲ್ ಮತ್ತೆ ಶುರುವಾಗಲಿ ಎಂಬುದು ನನ್ನ ಬಲವಾದ ಕೋರಿಕೆ. ಹತ್ತನೆಯ ತರಗತಿ ಎಂದು ಆಟವನ್ನೂ ನಿದ್ದೆಯನ್ನೂ ಕಿತ್ತುಕೊಳ್ಳುವ ಮನೆಗಳನ್ನು ನೋಡಿ ನನಗೆ ನೋವಾಗುತ್ತದೆ. ಈ ವಯಸ್ಸಿಗೆ ಕನಿಷ್ಠ ಎಂಟು ಗಂಟೆಯ ನಿದ್ದೆ ಬೇಕೇಬೇಕು. ನೆಂಟರು ಮತ್ತೆ ಮಾತೆತ್ತಿದರೆ ಅವಳ ಎದುರಿನಲ್ಲಿಯೇ, ಅವಳ ಪರವಾಗಿ ನೀವು ಮಾತನಾಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಮೇಡಂ, ನನ್ನ ತಂಗಿಯ ಮಗಳು ಇದಕ್ಕೆ ತದ್ವಿರುದ್ಧ. ತೆಳ್ಳಗಿದ್ದರೂ ದಪ್ಪಗಿದ್ದೇನೆ ಎನ್ನುತ್ತಾಳೆ, ಎಲ್ಲರ ಜೊತೆ ಊಟಕ್ಕೆ ಕೂರುವುದಿಲ್ಲ. ಮೂರು ತಿಂಗಳಿಂದ ಮುಟ್ಟಾಗಿಲ್ಲ.

ಉತ್ತರ: ಇದು ಊಟದ ಪಟ್ಟಿಯಿಂದ ಸರಿಹೋಗುವ ವಿಷಯವಲ್ಲ, ತಡಮಾಡಬೇಡಿ. ಈ ವಾರದಲ್ಲಿಯೇ ಮಕ್ಕಳ ವೈದ್ಯರನ್ನೋ ಸ್ತ್ರೀರೋಗ ತಜ್ಞರನ್ನೋ ಕಾಣಿಸಿ, ಜೊತೆಗೆ ಮನೋವೈದ್ಯರ ಸಲಹೆಯನ್ನೂ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ತಲೆಸುತ್ತಿ ಬಿದ್ದರೆ ಅಥವಾ ನೀರನ್ನೂ ನಿರಾಕರಿಸಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಟ್ಟೆಯ ಮುಂದೆ ಬೈಯುವುದು, ಬಲವಂತವಾಗಿ ತಿನ್ನಿಸುವುದು ಬೇಡವೆಂದು ನಿಮ್ಮ ತಂಗಿಗೆ ಇಂದೇ ತಿಳಿಸಿ.